ಸುಸ್ತಿಗೆ ಅಮೈನೋ ಡಬ್ಬಿ ಕೊಳ್ಳುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ

ಮಾನ್ಯ ಸಂಪಾದಕರೇ,

ಬಳ್ಳಾರಿಯಲ್ಲಿ ಬೆಳಗ್ಗೆ ಐದೂವರೆಗೆ ಯಾವ ಮೈದಾನಕ್ಕೆ ಹೋದರೂ ಪೊಲೀಸ್ ಕಾನ್‌ಸ್ಟೆಬಲ್, ಅಗ್ನಿವೀರ್ ಅಂತ ತಯಾರಿ ಮಾಡುವ ಹುಡುಗರು ಓಡುತ್ತಿರುತ್ತಾರೆ. ಈಚೆಗೆ ಅವರ ಕೈಯಲ್ಲಿ ಒಂದೊಂದು ಶೇಕರ್ ಬಾಟಲಿ. ಒಳಗೆ ನೀಲಿ ನೀರು, ಕೆಂಪು ನೀರು. ಏನಪ್ಪಾ ಇದು ಅಂದರೆ, ‘ಬಿಸಿಎಎ ಅಕ್ಕ, ಇದು ಕುಡಿದ್ರೆ ಸುಸ್ತಾಗಲ್ಲ’ ಅನ್ನುತ್ತಾರೆ. ಬಿಸಿಎಎ ಅನ್ನುವ ಈ ಅಮೈನೋ ಪುಡಿಯ ಡಬ್ಬಿ ನಮ್ಮ ಮನೆಗೂ ಬಂತು. ಅದಕ್ಕೇ ಈ ಪತ್ರ.

ನಾನು ಇಲ್ಲಿ ಲ್ಯಾಬ್ ಟೆಕ್ನಿಷಿಯನ್. ನನ್ನ ತಮ್ಮನಿಗೆ 22 ವರ್ಷ. 1600 ಮೀಟರ್ ಓಟವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು ಅನ್ನೋದು ಅವನ ಗುರಿ. ಮೊದಲ ಎರಡು ಸುತ್ತು ಚೆನ್ನಾಗಿ ಓಡುತ್ತಿದ್ದ, ಮೂರನೇ ಸುತ್ತಿಗೆ ಕಾಲೇ ಏಳುತ್ತಿರಲಿಲ್ಲ, ಸಂಜೆ ಜಿಮ್‌ಗೆ ಹೋದರೆ ಅರ್ಧ ಗಂಟೆಗೆ ಕೂತುಬಿಡುತ್ತಿದ್ದ. ಜಿಮ್‌ನ ಟ್ರೈನರ್ ಅವನಿಗೆ 1,800 ರೂಪಾಯಿಯ ಡಬ್ಬಿ ಕೊಟ್ಟು, ‘ನಿನಗೆ ಅಮೈನೋ ಕಮ್ಮಿ ಆಗಿದೆ’ ಅಂದರಂತೆ. ಪರೀಕ್ಷೆ ಇಲ್ಲ, ಏನು ತಿಂತೀಯ ಅಂತ ಒಂದು ಮಾತು ಇಲ್ಲ. ಎರಡು ತಿಂಗಳಿಗೆ ಎರಡು ಡಬ್ಬಿ. ನಮ್ಮಪ್ಪ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ದುಡಿದು ತಂದ 3,600 ರೂಪಾಯಿ ಹೋಯಿತು. ಓಟದ ಟೈಮ್ ಮಾತ್ರ ಏಳು ನಿಮಿಷ ಹತ್ತು ಸೆಕೆಂಡ್‌ನಲ್ಲೇ ನಿಂತಿತ್ತು.

ಡಬ್ಬಿಯಲ್ಲಿ ಇರೋದೇನು ಅಂತ ಹೇಳಿಬಿಡುತ್ತೇನೆ. ನಮ್ಮ ಮೈಯ ಪ್ರೋಟೀನ್ 20 ಬಗೆಯ ಅಮೈನೋ ಆಮ್ಲಗಳಿಂದ ಆಗಿದೆ. ಅದರಲ್ಲಿ 9 ಅನ್ನು ಮೈ ತಾನೇ ಮಾಡಿಕೊಳ್ಳಲ್ಲ, ಊಟದಿಂದಲೇ ಬರಬೇಕು. ಆ ಒಂಬತ್ತರಲ್ಲಿ ಮೂರು, ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಈ ಮೂರೇ ಬಿಸಿಎಎ. ಡಬ್ಬಿ ಮೇಲೆ 2:1:1 ಅಂತ ಬರೆದಿರೋದು ಇವುಗಳ ಪಾಲು.

ಸುಸ್ತು ಕಡಿಮೆ ಆಗುತ್ತೆ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. 1980ರ ದಶಕದಲ್ಲಿ ಆಕ್ಸ್‌ಫರ್ಡ್‌ನ ಎರಿಕ್ ನ್ಯೂಸ್‌ಹೋಮ್ ಅನ್ನುವ ವಿಜ್ಞಾನಿ ಒಂದು ವಿಚಾರ ಮುಂದಿಟ್ಟರು. ತುಂಬಾ ಹೊತ್ತು ಓಡಿದಾಗ ಸ್ನಾಯುಗಳು ಈ ಮೂರನ್ನು ಉರಿಸಿಕೊಳ್ಳುತ್ತವೆ, ರಕ್ತದಲ್ಲಿ ಅವು ಕಡಿಮೆಯಾಗುತ್ತವೆ, ಆಗ ಮೆದುಳಿಗೆ ಹೋಗೋಕೆ ಇವುಗಳ ಜೊತೆ ಪೈಪೋಟಿ ಮಾಡುವ ಟ್ರಿಪ್ಟೊಫ್ಯಾನ್ ಅನ್ನುವ ಇನ್ನೊಂದು ಅಮೈನೋ ಆಮ್ಲ ಅಲ್ಲಿಗೆ ಜಾಸ್ತಿ ನುಗ್ಗಿ, ಸೆರೊಟೋನಿನ್ ಅನ್ನುವ ಮೆದುಳಿನ ರಾಸಾಯನಿಕವಾಗಿ ಆಯಾಸ ತರುತ್ತದೆ ಅಂತ. ಮೂರನ್ನೂ ಹೊರಗಿನಿಂದ ಕೊಟ್ಟರೆ ಆಯಾಸ ತಡವಾಗಬೇಕು ಅಲ್ವಾ? ಅದನ್ನೂ ನೋಡಿದ್ದಾರೆ. 1995ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪಳಗಿದ ಹತ್ತು ಜನರಿಗೆ ಒಮ್ಮೆ ಬರೀ ಸಕ್ಕರೆ ನೀರು, ಇನ್ನೊಮ್ಮೆ ಬಿಸಿಎಎ ಬೆರೆಸಿದ ಸಕ್ಕರೆ ನೀರು, ಮತ್ತೊಮ್ಮೆ ಟ್ರಿಪ್ಟೊಫ್ಯಾನ್ ಬೆರೆಸಿದ್ದು ಕೊಟ್ಟು, ಕೈಲಾಗದಷ್ಟು ಹೊತ್ತು ಸೈಕಲ್ ತುಳಿಸಿದರು. ಯಾವುದನ್ನು ಕುಡಿದರೂ ಸುಸ್ತಾಗುವ ಹೊತ್ತಿನಲ್ಲಿ ಫರಕು ಬರಲಿಲ್ಲ. ಅದೂ ಎರಡು ಗಂಟೆಯ ಸೈಕಲ್ ಸವಾರಿ. ನಮ್ಮ ಹುಡುಗರ ಓಟ ಆರೇಳು ನಿಮಿಷದ್ದು.

ಪುಡಿ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಜೋರು ವರ್ಕೌಟ್ ಆದ ಮಾರನೇ ದಿನದ ಮೈಕೈ ನೋವು ಸ್ವಲ್ಪ ಕಡಿಮೆ ಆಗುತ್ತದೆ ಅಂತ ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ. ಆದರೆ ನೋವು ಬೇರೆ, ಸುಸ್ತು ಬೇರೆ. ಸ್ನಾಯು ಬೆಳೆಯೋಕೂ ಒಂಬತ್ತೂ ಬೇಕು, ಮೂರೇ ಹಾಕಿದರೆ ಸಾಲದು. ಇನ್ನೊಂದು ವಿಷಯ. ಕುಡಿದ ತಕ್ಷಣ ಜೋಶ್ ಬಂತು ಅನ್ನುವವರು ಡಬ್ಬಿಯ ಹಿಂಬದಿ ಓದಿ. ಎಷ್ಟೋ ಡಬ್ಬಿಗಳಲ್ಲಿ ಕೆಫೀನ್ ಸೇರಿಸಿರುತ್ತಾರೆ. ಆ ಜೋಶ್ ಅದರದ್ದು.

ತಮ್ಮನ ವಿಷಯಕ್ಕೆ ಬರುತ್ತೇನೆ. ಕೊನೆಗೆ ನಾನೇ ಅವನ ರಕ್ತ ತೆಗೆದೆ. ಹಿಮೋಗ್ಲೋಬಿನ್ 10.6. ಗಂಡಸರಿಗೆ 13ಕ್ಕಿಂತ ಕೆಳಗೆ ಇದ್ದರೆ ರಕ್ತಹೀನತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ದಿನಾ ಊರವರ ರಕ್ತ ನೋಡುವ ನಾನು ಮನೆಯ ಹುಡುಗನದ್ದು ಎರಡು ತಿಂಗಳು ನೋಡಲಿಲ್ಲ, ಆ ಸಂಕಟ ನನಗೆ ಇನ್ನೂ ಇದೆ. ಸ್ನಾಯುಗಳಿಗೆ ಆಮ್ಲಜನಕ ಒಯ್ಯೋದು ಹಿಮೋಗ್ಲೋಬಿನ್. ಅದೇ ಕಮ್ಮಿ ಇದ್ದರೆ ಮೂರನೇ ಸುತ್ತಿಗೆ ಕಾಲು ಹೇಗೆ ಏಳಬೇಕು? ರಕ್ತ ಕಮ್ಮಿ ಅನ್ನೋದು ಹೆಂಗಸರ ಕಾಯಿಲೆ ಅಂತ ನಮ್ಮ ಹುಡುಗರು ತಿಳಿದಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ ನಿಜ, ಗಂಡಸರಲ್ಲೂ ನೂರಕ್ಕೆ 25 ಜನರಿಗೆ ಇದೆ. ನಾಲ್ವರಲ್ಲಿ ಒಬ್ಬ. ಮೈದಾನದಲ್ಲಿ ಓಡುವ ನಲವತ್ತು ಹುಡುಗರನ್ನು ನೋಡಿದಾಗಲೆಲ್ಲ ನನಗೆ ಈ ಲೆಕ್ಕವೇ ನೆನಪಾಗುತ್ತದೆ.

ಡಾಕ್ಟರು ಕಬ್ಬಿಣದ ಮಾತ್ರೆ, ಜಂತುಹುಳದ ಮಾತ್ರೆ ಕೊಟ್ಟರು. ಊಟ ಆದ ಕೂಡಲೇ ಚಹಾ ಕುಡಿಯಬೇಡ ಅಂದರು, ಕಬ್ಬಿಣ ಮೈಗೆ ಹಿಡಿಯದ ಹಾಗೆ ಚಹಾ ತಡೆಯುತ್ತದೆ. ಬದಲಿಗೆ ನಿಂಬೆಹಣ್ಣು ಹಿಂಡಿಕೊಂಡು ತಿನ್ನು ಅಂದರು. ಮೂರು ತಿಂಗಳಿಗೆ 13.1 ಬಂತು. ಓಟ ಆರು ನಿಮಿಷ ನಲವತ್ತು ಸೆಕೆಂಡ್‌ಗೆ ಇಳಿದಿದೆ. ಇನ್ನೂ ಹತ್ತು ಸೆಕೆಂಡ್ ಬೇಕು.

ರಕ್ತ ಒಂದೇ ಕಾರಣ ಅಲ್ಲ ಅನ್ನೋದೂ ಗೊತ್ತಾಯಿತು. ರಾತ್ರಿ ಹನ್ನೊಂದೂವರೆಗೆ ಮಲಗಿ ಐದಕ್ಕೆ ಏಳುತ್ತಿದ್ದ, ಖಾಲಿ ಹೊಟ್ಟೆಗೆ ಒಂದು ಕಪ್ ಚಹಾ ಕುಡಿದು ಓಡುತ್ತಿದ್ದ, ಓಟ ಮುಗಿದ ಮೇಲೆ ಒಗ್ಗರಣೆ ಮಿರ್ಚಿ, ಅಷ್ಟೇ. ಮಂಡಕ್ಕಿ ಒಗ್ಗರಣೆ ನನಗೂ ಇಷ್ಟ, ಆದರೆ ಅದರಲ್ಲಿ ಪ್ರೋಟೀನ್ ಎಷ್ಟಿರುತ್ತದೆ ಹೇಳಿ. ನೀರಿನ ಕಥೆ ಇನ್ನೂ ಕಷ್ಟ. ಬಳ್ಳಾರಿ ಬಿಸಿಲು ನಿಮಗೆ ಗೊತ್ತು, ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಮೈತೂಕದ ನೂರಕ್ಕೆ ಎರಡು ಪಾಲು ನೀರು ಬೆವರಾಗಿ ಹೋದರೇ ಕಸುವು ಇಳಿಯುತ್ತದೆ. 60 ಕಿಲೋ ಹುಡುಗನಿಗೆ ಅದು 1.2 ಕಿಲೋ. ಓಡುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಕ ನೋಡಿಕೊಂಡರೆ ಯಾರಿಗಾದರೂ ತಿಳಿಯುತ್ತದೆ. ಜಾಸ್ತಿ ಬೆವರಿದ ದಿನ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕುಡಿಯಬಹುದು. ಉಪ್ಪು ಹಾಕಿದ ಮಜ್ಜಿಗೆಯೂ ಆಗುತ್ತದೆ.

ದುಡ್ಡಿನ ಲೆಕ್ಕ ಹೇಳದಿದ್ದರೆ ನಮ್ಮಪ್ಪನಿಗೆ ಸಮಾಧಾನ ಆಗಲ್ಲ. ಆ ಡಬ್ಬಿಯಲ್ಲಿ 30 ಸ್ಕೂಪ್, ಒಂದಕ್ಕೆ 60 ರೂಪಾಯಿ, ಅದರಲ್ಲಿ ಬಿಸಿಎಎ 5 ಗ್ರಾಂ. ಒಂದು ಮೊಟ್ಟೆಯಲ್ಲಿ ಅದೇ ಮೂರು ಅಮೈನೋ ಸೇರಿ ಹೆಚ್ಚುಕಮ್ಮಿ ಒಂದೂಕಾಲು ಗ್ರಾಂ ಇರುತ್ತದೆ. ಅಂದರೆ ನಾಲ್ಕು ಮೊಟ್ಟೆಗೆ ಒಂದು ಸ್ಕೂಪ್ ಸಮ. ನಾವು ತರುವ ಅಂಗಡಿಯಲ್ಲಿ ಮೊಟ್ಟೆ ಏಳು ರೂಪಾಯಿ, ನಾಲ್ಕಕ್ಕೆ 28. ಉಳಿದ ಆರು ಅಮೈನೋಗಳೂ ಅದರಲ್ಲೇ ಬರುತ್ತವೆ. ಮೊಟ್ಟೆ ತಿನ್ನದವರಿಗೆ ನಮ್ಮ ಜೋಳದ ರೊಟ್ಟಿ ಇದೆ. ಜೋಳದಲ್ಲಿ ಲ್ಯೂಸಿನ್ ಮೊದಲೇ ಜಾಸ್ತಿ, ಡಬ್ಬಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಅದೇ ಲ್ಯೂಸಿನ್! ಜೋಳದಲ್ಲಿ ಕಮ್ಮಿ ಇರೋದು ಲೈಸಿನ್ ಅನ್ನುವ ಬೇರೊಂದು ಅಮೈನೋ, ಅದು ತೊಗರಿಬೇಳೆ, ಹೆಸರುಕಾಳಿನಲ್ಲಿ ಧಾರಾಳವಾಗಿದೆ. ರೊಟ್ಟಿ ಜೊತೆ ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ತಿಂದ ನಮ್ಮ ಹಿರಿಯರು ಗರಡಿಯಲ್ಲಿ ಗಂಟೆಗಟ್ಟಲೆ ಸಾಮು ಮಾಡಿದವರು. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ ಕೂಡ 2024ರ ಆಹಾರ ಮಾರ್ಗಸೂಚಿಯಲ್ಲಿ, ಮೈ ಕಟ್ಟಲು ಪ್ರೋಟೀನ್ ಪುಡಿಗಳ ಮೊರೆ ಹೋಗಬೇಡಿ ಅಂತಲೇ ಹೇಳಿದೆ.

ನನಗೆ ಸಿಟ್ಟು ಬರೋದು ಹುಡುಗರ ಮೇಲೆ ಅಲ್ಲ. ಗುರು ಅಂತ ನಂಬಿದವರು ಹೇಳಿದ್ದನ್ನು ಅವರು ಕುಡಿಯುತ್ತಾರೆ. ಕೆಲವು ಕಡೆ ಲೇಬಲ್ಲೇ ಇಲ್ಲದ ಪುಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತೂಕ ಮಾಡಿ ಕೊಡುವುದನ್ನು ಕಣ್ಣಾರೆ ನೋಡಿದ್ದೇನೆ. ಅದರಲ್ಲಿ ಏನಿದೆ ಅಂತ ಯಾರು ಹೇಳಬೇಕು? ಕೊಳ್ಳಲೇಬೇಕು ಅನ್ನುವವರು ಡಬ್ಬಿ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇದೆಯಾ ನೋಡಿ, ಸೀಲ್ ನೋಡಿ, ಬಿಲ್ ಕೇಳಿ. ಕಿಡ್ನಿ, ಲಿವರ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಮುಂದೆ ಅಥ್ಲೆಟಿಕ್ಸ್‌ಗೆ ಹೋಗುವ ಆಸೆ ಇರುವವರಂತೂ ಇನ್ನೂ ಹುಷಾರಾಗಿರಬೇಕು. ಪುಡಿಯಲ್ಲಿ ನಿಷೇಧಿತ ಮದ್ದು ಬೆರೆತಿದ್ದು ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕರೆ, ‘ನನಗೆ ಗೊತ್ತಿರಲಿಲ್ಲ’ ಅಂದ ಮಾತ್ರಕ್ಕೆ ಬಿಡುವುದಿಲ್ಲ.

ಸಂಬಂಧಪಟ್ಟವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಆಹಾರ ಸುರಕ್ಷತಾ ಅಧಿಕಾರಿಗಳು ಜಿಮ್‌ಗಳಲ್ಲಿ ಮಾರುವ ಪುಡಿಗಳ ಸ್ಯಾಂಪಲ್ ತೆಗೆಯಲಿ, ಬಿಡಿಯಾಗಿ ಮಾರುವುದನ್ನು ನಿಲ್ಲಿಸಲಿ. ನೇಮಕಾತಿ ಓಟಕ್ಕೆ ಮುಂಚೆ ಆರೋಗ್ಯ ಇಲಾಖೆಯವರು ಒಂದು ಬೆಳಗ್ಗೆ ಮೈದಾನಕ್ಕೇ ಬಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಲಿ. ಬೆರಳು ಚುಚ್ಚಿದರೆ ಎರಡು ನಿಮಿಷದ ಕೆಲಸ, ಕರೆದರೆ ನಾನೂ ಬರುತ್ತೇನೆ. ನನ್ನ ತಮ್ಮ ಓಡುವ ಮೈದಾನದಲ್ಲಿ ಕುಡಿಯುವ ನೀರಿನ ನಲ್ಲಿ ಕೆಟ್ಟು ಎಂಟು ತಿಂಗಳಾಯಿತು. ಬೇಸಿಗೆ ಬರುವುದರೊಳಗೆ ಅದನ್ನಾದರೂ ರಿಪೇರಿ ಮಾಡಿಸಿ.

ಇಂತಿ,
ನಿಮ್ಮ ಓದುಗಿ,
ಕೌಲ್ ಬಜಾರ್, ಬಳ್ಳಾರಿ