ನಾಣ್ಯಗಳ ಒಗಟು ಬಿಡಿಸಲು ಜೊತೆಗಿದ್ದ ಸಹ ಆಟಗಾರರಿಗೆ

ಆನ್‌ಲೈನ್ ಆಟದ ಎರಡು ಸುತ್ತುಗಳ ನಡುವಿನ ಬಿಡುವಿನಲ್ಲಿ ಗಣಿತದ ಒಗಟುಗಳನ್ನು ಹಂಚಿಕೊಳ್ಳುವುದು ನಮ್ಮ ತಂಡದ ವಾಡಿಕೆ. ಅಂದು ಬಂದದ್ದು ಪ್ರಸಿದ್ಧವಾದ 12 ನಾಣ್ಯಗಳ ಒಗಟು: ನೋಡಲು ಒಂದೇ ತೆರನಾದ ನಾಣ್ಯಗಳಲ್ಲಿ ಒಂದರ ತೂಕ ಮಾತ್ರ ಬೇರೆ, ತಕ್ಕಡಿಯನ್ನು 3 ಸಲವಷ್ಟೇ ಬಳಸಿ ಅದು ಯಾವುದು, ಉಳಿದವಕ್ಕಿಂತ ಭಾರವೋ ಹಗುರವೋ ಎಂಬುದನ್ನು ಹೇಳಬೇಕು. ಬಲ್ಲವರು ಉತ್ತರವನ್ನು ಒಂದೇ ಸಾಲಿನಲ್ಲಿ ಬರೆದು ಮುಂದಿನ ಸುತ್ತಿಗೆ ಹೊರಟರು. ಅದು ಏಕೆ ಹಾಗೆ ಎಂಬುದು ತಿಳಿಯದೆ ನಾನು ಅಲ್ಲಿಯೇ ಉಳಿದೆ.

ಹೆಸರನ್ನೂ ಹೇಳದ ನೀವು ಆ ಸುತ್ತನ್ನು ಬಿಟ್ಟುಕೊಟ್ಟು ನನ್ನೊಡನೆ ನಿಂತಿರಿ. ಒಟ್ಟು ಎಷ್ಟು ಸಾಧ್ಯತೆಗಳಿವೆ ಎಂದಷ್ಟೇ ಕೇಳಿ, 12 ನಾಣ್ಯಗಳಲ್ಲಿ ಪ್ರತಿಯೊಂದೂ ಭಾರವೋ ಹಗುರವೋ ಆಗಿರಬಹುದಾದ್ದರಿಂದ ನಾನು 24 ಎಂದು ಬರೆಯುವವರೆಗೆ ಅವಸರಪಡಿಸದೆ ಕಾದಿರಿ. ಪ್ರತಿ ಸಲ ತೂಗಿದಾಗ ತಕ್ಕಡಿ ಎಡಕ್ಕೆ ವಾಲುವುದು, ಬಲಕ್ಕೆ ವಾಲುವುದು, ಸಮನಾಗಿ ನಿಲ್ಲುವುದು ಎಂಬ 3 ಫಲಿತಾಂಶಗಳಂತೆ ಮೂರು ತೂಕಗಳಿಗೆ 27 ಎಂದು ಎಣಿಸಿದ ಮೇಲೆ, ‘ಮೊದಲಿಗೆ ಆರಾರು ಇಟ್ಟರೆ ಏನಾಗುತ್ತದೆ?’ ಎಂದಿರಿ. ಆಗ ತಕ್ಕಡಿ ಯಾವ ಕಡೆ ವಾಲಿದರೂ 12 ಸಾಧ್ಯತೆಗಳು ಉಳಿಯುತ್ತವೆ, ಮಿಕ್ಕ ಎರಡು ತೂಕಗಳಾದರೋ 9ಕ್ಕಿಂತ ಹೆಚ್ಚನ್ನು ಬೇರ್ಪಡಿಸಲಾರವು, ನಾಲ್ಕು ನಾಲ್ಕು ಇಟ್ಟರೆ ಮಾತ್ರ ಯಾವ ಫಲಿತಾಂಶ ಬಂದರೂ 8 ಉಳಿಯುತ್ತವೆ ಎಂಬುದು ನನಗೇ ಹೊಳೆದಾಗ ಎಷ್ಟು ನಿರಾಳವಾಯಿತೆಂದು ಹೇಳಲಾರೆ.

ಮುಂದಿನ ಎರಡು ತೂಕಗಳನ್ನು ನನಗೇ ಬಿಟ್ಟು, ನಾನು ಬರೆದ ಪ್ರತಿ ಹಂತಕ್ಕೂ ‘ಸರಿ’ ಎಂದಷ್ಟೇ ಉತ್ತರಿಸಿದಿರಿ. ಆ ಚಿಕ್ಕ ಮಾತು ನನಗೆ ಬಹಳ ಬೇಕಾಗಿತ್ತು. ಪೂರ್ಣ ಪರಿಹಾರ ಸಿದ್ಧವಾಗುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ. ಅಂದು ಹೇಳಲಾಗದ ಧನ್ಯವಾದವನ್ನು ಇಂದು ಇಲ್ಲಿ ಮನಃಪೂರ್ವಕವಾಗಿ ಸಲ್ಲಿಸುತ್ತಿದ್ದೇನೆ.