ಥ್ರೆಡ್ ಹೋದ ಮಾತ್ರಕ್ಕೆ ಎಂಜಿನ್ ಹೆಡ್ ಬದಲಿಸಬೇಕೆ?

ಸಂಪಾದಕರಿಗೆ,

ಮಾನ್ಯರೇ,

ಆಯುಧಪೂಜೆ ಸಮೀಪಿಸುತ್ತಿದ್ದಂತೆ ಮೈಸೂರು, ಮಂಡ್ಯಗಳ ಗ್ಯಾರೇಜುಗಳಲ್ಲಿ ಬೈಕು, ಸ್ಕೂಟರುಗಳ ಸರ್ವಿಸ್ ಭರದಿಂದ ಸಾಗುತ್ತದೆ. ಎಂಜಿನ್‌ನಲ್ಲಿ ಸ್ಟಡ್ಡು (ತಲೆಯಿಲ್ಲದ ಬೋಲ್ಟು), ಬೋಲ್ಟು ಕೂರುವ ರಂಧ್ರಗಳ ಥ್ರೆಡ್, ಅಂದರೆ ಒಳಗಿನ ತಿರುಪಿನ ಗೆರೆಗಳು, ಕಿತ್ತುಹೋಗುವುದು ಇಂತಹ ಅವಸರದಲ್ಲೇ. ನಮ್ಮ ಬಡಾವಣೆಗೆ ಹಾಲು ತಂದುಕೊಡುವವರ ಬೈಕಿನಲ್ಲಿ ಸೈಲೆನ್ಸರ್ ಹಿಡಿದಿಡುವ ಒಂದು ಸ್ಟಡ್ಡು ಕೂರುವ ರಂಧ್ರದ ಥ್ರೆಡ್ ಹೋದಾಗ, ಎಂಜಿನ್ನಿನ ಮೇಲ್ಭಾಗವನ್ನು ಮುಚ್ಚುವ ಇಡೀ ಸಿಲಿಂಡರ್ ಹೆಡ್ ಬದಲಿಸಬೇಕೆಂದು ಅವರಿಗೆ ಹೇಳಲಾಗಿತ್ತು. ಹೆಡ್ಡಿನಲ್ಲಿ ಬೇರೆ ಯಾವ ದೋಷವೂ ಇರಲಿಲ್ಲ. ದಿನದ ದುಡಿಮೆಗೆ ವಾಹನವನ್ನೇ ನಂಬಿದವರಿಗೆ ಇದು ಸಣ್ಣ ಖರ್ಚಲ್ಲ.

ಎಂಜಿನ್‌ನ ಹೆಡ್, ಕೆಳಭಾಗದ ಹೊರಕವಚವಾದ ಕ್ರ್ಯಾಂಕ್‌ಕೇಸ್‌ಗಳು ಈಗ ಬಹುತೇಕ ಅಲ್ಯೂಮಿನಿಯಂ ಮಿಶ್ರಲೋಹದವು. ಅವುಗಳಲ್ಲಿ ಕೂರುವ ಸ್ಟಡ್ಡು ಮಾತ್ರ ಉಕ್ಕಿನದು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಅದರ ಥ್ರೆಡ್ ಮೆದುವಾದದ್ದು, ಆದ್ದರಿಂದ ಬಿಗಿತ ಮಿತಿ ಮೀರಿದರೆ ಮೊದಲು ಸೋಲುವುದು ಅದೇ. 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿತ ಸಾಕಾಗುತ್ತದೆ. ಅದನ್ನು ಉದ್ದನೆಯ ಸ್ಪ್ಯಾನರಿನಿಂದಲೋ ಗಾಳಿಯ ಗನ್ನಿನಿಂದಲೋ ಅಂದಾಜಿನ ಮೇಲೆ ಬಿಗಿಯುವುದೇ ಹಾನಿಯ ಮೂಲ. ರಂಧ್ರದ ತಳದಲ್ಲಿ ಎಣ್ಣೆ ನಿಂತಿದ್ದರೂ, ಪಿಚ್ (ಥ್ರೆಡ್ ಸುತ್ತುಗಳ ನಡುವಿನ ಅಂತರ) ಹೊಂದದ ಬೋಲ್ಟನ್ನು ಒತ್ತಾಯದಿಂದ ತಿರುಗಿಸಿದರೂ ಇದೇ ಗತಿ.

ಥ್ರೆಡ್ ಹೋದ ರಂಧ್ರಕ್ಕೆ ಎಂ-ಸೀಲ್ ತುಂಬುವುದು, ಬೋಲ್ಟಿಗೆ ದಾರ ಸುತ್ತಿ ಕೂರಿಸುವುದು ಮೊದಲಾದವು ಎಂಜಿನ್ನಿನ ಬಿಸಿಗೂ ಕಂಪನಕ್ಕೂ ನಿಲ್ಲುವುದಿಲ್ಲ. ರಂಧ್ರವನ್ನು ದೊಡ್ಡದು ಮಾಡಿ ಮುಂದಿನ ಅಳತೆಯ ಟ್ಯಾಪ್ ಹೊಡೆಯುವುದು, ಅಂದರೆ ಹೊಸ ಥ್ರೆಡ್ ಕೊರೆಯುವುದು, ಅದಕ್ಕಿಂತ ಮೇಲು, ಆದರೆ 8 ಮಿ.ಮೀ. ಇದ್ದ ಕಡೆ 10 ಮಿ.ಮೀ. ಸ್ಟಡ್ ಹಾಕಿದರೆ ಸೈಲೆನ್ಸರ್ ಫ್ಲೇಂಜಿನ (ಹೆಡ್ಡಿಗೆ ಕೂರುವ ಪಟ್ಟಿಯ) ತೂತು ಹೊಂದುವುದಿಲ್ಲ. ಆಗ ಒಂದು ತುದಿ 10, ಇನ್ನೊಂದು ತುದಿ 8 ಮಿ.ಮೀ. ಇರುವ ಸ್ಟಡ್ಡನ್ನು ಲೇತಿನಲ್ಲಿ ಮಾಡಿಸಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸರಿಯಾದ ದಾರಿ ಹೆಲಿಕಾಯಿಲ್ ಎಂದು ಕರೆಯುವ ತಂತಿ ಸುರುಳಿಯನ್ನು ಕೂರಿಸುವುದು. 8 ಮಿ.ಮೀ. ಸ್ಟಡ್ಡಿಗಾದರೆ ಕೆಟ್ಟ ಥ್ರೆಡ್ಡನ್ನು ಸುಮಾರು 8.3 ಮಿ.ಮೀ. ಡ್ರಿಲ್ಲಿನಿಂದ ತೆಗೆದು, ಅದಕ್ಕೆಂದೇ ಇರುವ ವಿಶೇಷ ಟ್ಯಾಪನ್ನು ನೆಟ್ಟಗೆ ಹಿಡಿದು ಹೊಡೆದು, ಸ್ಟೇನ್‌ಲೆಸ್ ಸ್ಟೀಲ್ ಸುರುಳಿಯನ್ನು ಮೇಲ್ಮೈಗಿಂತ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಕೆಳಗಿರುವಂತೆ ತಿರುಗಿಸಿ ಕೂರಿಸಿ, ತುದಿಯ ಕೊಂಡಿಯನ್ನು ಮುರಿದು ಹೊರತೆಗೆದರೆ ಹಳೆಯ ಅಳತೆಯ ಸ್ಟಡ್ಡೇ ಮತ್ತೆ ಕೂರುತ್ತದೆ. ಬಿಗಿತದ ಭಾರವು ದೊಡ್ಡ ವ್ಯಾಸದ ಮೇಲೆ ಹರಡುವುದರಿಂದ, ಮೆದು ಲೋಹದಲ್ಲಿ ಈ ಥ್ರೆಡ್ ಮೂಲದ್ದಕ್ಕಿಂತಲೂ ಗಟ್ಟಿ. ಸುರುಳಿಯ ಉದ್ದ ಸ್ಟಡ್ಡಿನ ವ್ಯಾಸದ ಒಂದೂವರೆ ಪಟ್ಟಾದರೂ ಇರಬೇಕು.

ಇಲ್ಲಿ ಎಚ್ಚರ ತಪ್ಪಬಾರದ ಒಂದು ಸಂಗತಿಯಿದೆ. ಕೊರೆದ ಲೋಹದ ಚೂರು ಎಂಜಿನ್ ಒಳಗೆ ಬಿದ್ದರೆ ದುರಸ್ತಿಯೇ ಹೊಸ ಹಾನಿಗೆ ಕಾರಣವಾದೀತು. ಎಣ್ಣೆಯ ದಾರಿಗಳನ್ನು ಮುಚ್ಚಿ, ಚೂರು ಅಂಟಿಕೊಳ್ಳುವಂತೆ ಟ್ಯಾಪಿಗೆ ಗ್ರೀಸ್ ಸವರಿ ಕೆಲಸ ಮಾಡಬೇಕು. ಸ್ಪಾರ್ಕ್ ಪ್ಲಗ್ಗಿನ ರಂಧ್ರವಾದರೆ ಹೆಡ್ ಬಿಚ್ಚಿಯೇ ಮಾಡುವುದು ಕ್ಷೇಮ. ರಂಧ್ರದ ಸುತ್ತ ಬಿರುಕು ಬಿಟ್ಟಿದ್ದರೆ ಸುರುಳಿಯೂ ನಿಲ್ಲದು. ಆಗ ಆರ್ಗಾನ್ ವೆಲ್ಡಿಂಗ್ ಅಥವಾ ಹೊಸ ಭಾಗವೇ ಗತಿ.

ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿದ ಊರು ಮೈಸೂರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಆ ಬೈಕುಗಳನ್ನು ಇಂದಿಗೂ ಪ್ರೀತಿಯಿಂದ ಓಡಿಸುವವರು ಇಲ್ಲಿದ್ದಾರೆ. ಹಳೆಯ ಕ್ರ್ಯಾಂಕ್‌ಕೇಸ್ ಹಾಳಾದರೆ ಅದರ ಬದಲು ಇನ್ನೊಂದನ್ನು ಹುಡುಕುವುದು ಎಷ್ಟು ಕಷ್ಟವೆಂದು ಅವರನ್ನು ಕೇಳಿದರೆ ತಿಳಿಯುತ್ತದೆ. ಕೈಕೆಲಸದ ಅಂತಹ ಪರಂಪರೆಯಿರುವ ಊರಿನಲ್ಲಿ ಒಂದು ಸುರುಳಿ ಕೂರಿಸುವ ವಿದ್ಯೆ ಅಪರೂಪವಾಗಬಾರದು.

ಆದ್ದರಿಂದ ಎರಡೂ ಜಿಲ್ಲೆಗಳ ಐಟಿಐಗಳು ಮೆಕ್ಯಾನಿಕ್ ವಿಭಾಗದ ವಿದ್ಯಾರ್ಥಿಗಳಿಗೆ ಅಳತೆಯಷ್ಟೇ ಬಿಗಿಯಲು ನೆರವಾಗುವ ಟಾರ್ಕ್ ರೆಂಚ್ ಬಳಕೆಯನ್ನೂ ಥ್ರೆಡ್ ದುರಸ್ತಿಯನ್ನೂ ಹಳೆಯ ಎಂಜಿನ್ ಭಾಗಗಳ ಮೇಲೆ ಕೈಯಾರೆ ಮಾಡಿಸಿ ಕಲಿಸಬೇಕೆಂದು, ಈಗಾಗಲೇ ಗ್ಯಾರೇಜ್ ನಡೆಸುತ್ತಿರುವವರಿಗೂ ರಜಾ ದಿನಗಳಲ್ಲಿ ಆ ತರಬೇತಿ ದೊರೆಯುವಂತೆ ಮಾಡಬೇಕೆಂದು ಕೋರುತ್ತೇನೆ. ಸರ್ವಿಸ್ ಕೇಂದ್ರಗಳು ಹೆಡ್ ಬದಲಿಸಬೇಕೆಂದು ಹೇಳುವ ಮುನ್ನ ಹಾಳಾದ ರಂಧ್ರವನ್ನು ಮಾಲೀಕರಿಗೆ ತೋರಿಸಿ, ದುರಸ್ತಿಯ ವೆಚ್ಚವನ್ನೂ ಹೊಸ ಭಾಗದ ವೆಚ್ಚವನ್ನೂ ಒಂದೇ ಚೀಟಿಯಲ್ಲಿ ಬರೆದುಕೊಡಲಿ.

– ಒಬ್ಬ ಓದುಗ, ಮೈಸೂರು