ವಿಡಿಯೋ ಇಲ್ದಿದ್ರೂ ಮೆಂಬರ್ ಆಗೇ ಉಳಿದ ನಿಮಗೆ

ಎಲ್ರಿಗೂ ನಮಸ್ಕಾರ. ತುಂಬ ಜನ ಕೇಳ್ತಿರೋದಕ್ಕೆ ಮೊದ್ಲು ಉತ್ತರ ಕೊಟ್ಬಿಡ್ತೀನಿ, ಆಗಸ್ಟಲ್ಲಿ ಜಾರಿ ಬಿದ್ದಿದ್ದ ನಮ್ಮ ಅತ್ತೆ ಈಗ ಹುಷಾರಾಗಿದ್ದಾರೆ. ವಾಕರ್ ಬಿಟ್ಟು ಈಗ ಕೋಲು ಹಿಡ್ಕೊಂಡು ಕಣದ ತನಕ ಬರ್ತಾರೆ, ಮೊನ್ನೆ ಮೆಣಸು ಹರವಿದ್ದು ಸರಿ ಇಲ್ಲ, ಒಂದು ಕಡೆ ರಾಶಿ ಒಂದು ಕಡೆ ಖಾಲಿ ಅಂತ ನನಗೆ ಬೈದ್ರು ಕೂಡ, ಅಲ್ಲಿಗೆ ಪೂರ್ತಿ ಹುಷಾರಾದ್ರು ಅಂತ ನಾವು ಲೆಕ್ಕ ಹಾಕ್ಕೊಂಡ್ವಿ.

ಈ ಬರಹ ದೀಪಾವಳಿ ಹೊತ್ತಿಗೇ ಬರ್ಬೇಕಿತ್ತು. ಆಮೇಲೆ ಅರೇಬಿಕಾ ಕಾಫಿ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ, ಆಳುಗಳು ಸಿಕ್ಕಿದ ದಿನ ಬಿಟ್ರೆ ಮತ್ತೆ ಸಿಗಲ್ಲ ಅನ್ನೋ ಪರಿಸ್ಥಿತಿ ಮೂಡಿಗೆರೆ ಕಡೆಯವರಿಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಈ ನಡುವೆ ಕಾಫಿ ತೋಟದ ಕೆಲಸ ತೋರಿಸೋ ನಮ್ಮ ಯೂಟ್ಯೂಬ್ ಚಾನೆಲ್ಲು ಹತ್ತು ಸಾವಿರ ಸಬ್‌ಸ್ಕ್ರೈಬರ್ಸ್ ದಾಟಿದೆ, ಅದಕ್ಕೂ ಸೇರಿಸಿ ಥ್ಯಾಂಕ್ಸ್. ಆದ್ರೆ ನಾನು ಬರೀತಿರೋದು ಆ ಹತ್ತು ಸಾವಿರದ ವಿಷಯ ಅಲ್ಲ, ತಿಂಗಳಿಗಿಷ್ಟು ದುಡ್ಡು ಕೊಟ್ಟು ಮೆಂಬರ್ ಆಗಿರೋ ಅರವತ್ತು ಚಿಲ್ಲರೆ ಜನರ ವಿಷಯ.

ಆಗಸ್ಟ್ ಮಳೇಲಿ ಅತ್ತೆ ಹಿತ್ತಲಲ್ಲಿ ಪಾಚಿ ಮೇಲೆ ಜಾರಿ ಸೊಂಟದ ಮೂಳೆ ಮುರ್ಕೊಂಡ್ರು. ಬೇಲೂರು ಮೇಲೆ ಹಾಸನಕ್ಕೆ ಕರ್ಕೊಂಡು ಹೋಗಿ ಆಪರೇಷನ್ ಆಯ್ತು, ಆಮೇಲೆ ಮನೇಲಿ ಹಗಲೂ ರಾತ್ರಿ ಜೊತೇಲಿ ಒಬ್ರು ಇರ್ಲೇಬೇಕು, ಮನೆಯವ್ರು ತೋಟಕ್ಕೆ ಹೋದ್ರೆ ಇನ್ನೊಬ್ರು ಅಂದ್ರೆ ನಾನೇ. ವಿಡಿಯೋದಲ್ಲಿ ಹಿಂದಿಂದ ಕೇಳೋ ಆ "ಅಯ್ಯೋ ಹಂಗಲ್ಲ ಮಾರಾಯ್ತಿ" ಅನ್ನೋ ಧ್ವನಿ ಅತ್ತೇದೇ, ಅದಿಲ್ದೆ ನಾನೊಬ್ಳೇ ಕ್ಯಾಮರಾ ಮುಂದೆ ನಿಂತು ಎಂಥ ಮಾತಾಡೋದು? ಸ್ವಲ್ಪ ದಿನ ವಿಡಿಯೋ ಇರಲ್ಲ ಅಂತ ಒಂದು ಪೋಸ್ಟ್ ಹಾಕಿ ಸುಮ್ಮನಾದೆ.

ವಿಡಿಯೋ ಇಲ್ಲ ಅಂದ್ಮೇಲೆ ಮೆಂಬರ್ಸ್ ಒಬ್ಬೊಬ್ರೇ ಬಿಟ್ಟು ಹೋಗ್ತಾರೆ ಅನ್ಕೊಂಡಿದ್ದೆ, ಅದರಲ್ಲಿ ತಪ್ಪೇನಿಲ್ಲ, ಪೇಪರ್ ಹಾಕದ ತಿಂಗಳಿಗೆ ಪೇಪರ್ ಬಿಲ್ ಯಾರು ಕೊಡ್ತಾರೆ. ಆದ್ರೆ ದೀಪಾವಳಿ ಕಳೆದ ಮೇಲೆ ಧೈರ್ಯ ಮಾಡಿ ತೆಗೆದು ನೋಡಿದ್ರೆ ಹೋದವ್ರು ಬೆರಳೆಣಿಕೆ, ಅವರಲ್ಲೂ ಇಬ್ರು "ಅಕ್ಕ, ಕಾರ್ಡ್ ಎಕ್ಸ್‌ಪೈರ್ ಆಗಿತ್ತು" ಅಂತ ವಾಪಸ್ ಬಂದಿದ್ರು.

ಇಲ್ಲಿ ಸ್ವಲ್ಪ ದುಡ್ಡಿನ ಲೆಕ್ಕ ಹೇಳ್ಬೇಕು, ಯಾಕಂದ್ರೆ ಯೂಟ್ಯೂಬ್ ಅಂದ್ರೆ ಲಕ್ಷ ಲಕ್ಷ ಬರತ್ತೆ ಅಂತ ನಮ್ಮ ನೆಂಟರೇ ಮದುವೆ ಮನೇಲಿ ಕೇಳ್ತಾರೆ. 59 ರೂಪಾಯಿ ಮೆಂಬರ್‌ಶಿಪ್‌ನಲ್ಲಿ ಮೊದ್ಲು ಜಿಎಸ್‌ಟಿ ಹೋಗತ್ತೆ, ಉಳಿದ 50ರಲ್ಲಿ 70 ಪರ್ಸೆಂಟ್ ನಮಗೆ, ಅಂದ್ರೆ ಹೆಚ್ಚುಕಮ್ಮಿ 35 ರೂಪಾಯಿ. ಅರವತ್ತು ಜನಕ್ಕೆ ಎರಡು ಸಾವಿರ ಚಿಲ್ಲರೆ. ಜಾಹೀರಾತಿನ ದುಡ್ಡು ಬೇರೆ, ದೊಡ್ಡ ವಿಡಿಯೋಗಳ ಮಧ್ಯೆ ಬರೋ ಜಾಹೀರಾತಲ್ಲಿ ನಮಗೆ 55 ಪರ್ಸೆಂಟ್, ಆದ್ರೆ ಅದು ಮಳೆ ಇದ್ದಂಗೆ ನಮ್ಮ ಕೈಲಿಲ್ಲ, ಮೇ ತಿಂಗಳಲ್ಲಿ ಎಲ್ರೂ ಬೋರ್ಡೋ (ರೋಗ ಬರದಂಗೆ ಗಿಡಕ್ಕೆ ಹೊಡೆಯೋ ತುತ್ತ-ಸುಣ್ಣದ ದ್ರಾವಣ) ವಿಡಿಯೋ ಹುಡುಕ್ತಾರೆ ಆಗ ಏರತ್ತೆ, ಆಮೇಲೆ ಇಳಿಯತ್ತೆ. ಅದೂ ನೂರು ಡಾಲರ್ ತುಂಬೋ ತನಕ ಬ್ಯಾಂಕಿಗೆ ಬರಲ್ಲ. ಹತ್ತು ಡಾಲರ್ ಆದಾಗ ಗೂಗಲ್‌ನೋರು ಅಡ್ರೆಸ್ ಸರಿ ಇದೆಯಾ ನೋಡೋಕೆ ಒಂದು ಪಿನ್ ನಂಬರ್ ಅಂಚೆಯಲ್ಲಿ ಕಳಿಸ್ತಾರೆ, ಆ ಕಾಗದ ನಮ್ಮೂರ ಪೋಸ್ಟ್‌ಮ್ಯಾನ್ ತಂದುಕೊಟ್ಟ ದಿನ ನಮ್ಮ ಮಾವ ಅದನ್ನ ದೇವರ ಮುಂದೆ ಇಟ್ಟಿದ್ರು, ಒಳಗಿರೋದು ಆರು ಅಂಕಿ ಮಾತ್ರ ಅಂತ ಹೇಳಿದ್ರೂ ಕೇಳ್ಲಿಲ್ಲ.

ಮುಂಚೆ 1000 ಸಬ್‌ಸ್ಕ್ರೈಬರ್ಸ್ ಮತ್ತೆ ಒಂದು ವರ್ಷದಲ್ಲಿ 4000 ಗಂಟೆ ವಾಚ್ ಟೈಮ್ ಆಗದೆ ಏನೂ ಸಿಗ್ತಿರ್ಲಿಲ್ಲ. 2023ರಲ್ಲಿ ಆ ನಿಯಮ ಸ್ವಲ್ಪ ಸಡಿಲ ಆಯ್ತು, 500 ಜನ, 3000 ಗಂಟೆ ಆಗಿದ್ರೆ ಜಾಹೀರಾತು ಇಲ್ದಿದ್ರೂ ಮೆಂಬರ್‌ಶಿಪ್ಪು, ಸೂಪರ್ ಥ್ಯಾಂಕ್ಸ್ (ವಿಡಿಯೋ ನೋಡಿದೋರು ಅಲ್ಲೇ ಕೊಡೋ ಕಾಣಿಕೆ) ಇಟ್ಕೋಬಹುದು. ನಮ್ಮಂಥ ಸಣ್ಣ ಚಾನೆಲ್‌ನೋರಿಗೆ ಇದೇ ದೊಡ್ಡ ಉಪಕಾರ ಅಂತ ನಾನಂತೂ ಹೇಳ್ತೀನಿ, ಯಾಕಂದ್ರೆ ಕನ್ನಡದಲ್ಲಿ ಕಾಫಿ ತೋಟದ ಕೆಲಸ ನೋಡೋರು ಎಷ್ಟು ಜನ ಇದ್ದಾರು, ತಲೆ ಎಣಿಸಿ ದುಡ್ಡು ಕೊಡೋ ಜಾಗದಲ್ಲಿ ನಾವು ಯಾವತ್ತೂ ಹಿಂದೇನೇ. ನೋಡೋರು ಕಮ್ಮಿ, ಆದ್ರೆ ನೋಡೋರಿಗೆ ಅದು ಬೇಕೇ ಬೇಕು ಅನ್ನೋ ಕಡೆ ಮಾತ್ರ ಈ ಮೆಂಬರ್‌ಶಿಪ್ ನಡೆಯೋದು.

ಈಗ ಹೇಳ್ಲೋ ಬೇಡ್ವೋ ಅಂತ ಇಷ್ಟು ದಿನ ಇಟ್ಕೊಂಡಿದ್ದ ವಿಷಯ. ಅತ್ತೆ ಆಸ್ಪತ್ರೇಲಿ ಇರೋವಾಗ್ಲೇ ಒಂದು ಕಂಪನಿಯಿಂದ ಫೋನ್ ಬಂತು, ಹೆಸರು ಬೇಡ. ಅವರದ್ದೊಂದು ಟಾನಿಕ್, ಒಂದು ಸಲ ಸ್ಪ್ರೇ ಮಾಡಿದ್ರೆ ಮಳೆಗಾಲದಲ್ಲಿ ಕಾಫಿ ಕಾಯಿ ಉದುರೋದೇ ಇಲ್ವಂತೆ. ಇಪ್ಪತ್ತೈದು ಸಾವಿರ ಕೊಡ್ತೀವಿ, ಅರ್ಧ ಈಗ್ಲೇ, ನಮ್ಮ ತೋಟದ್ದೇ ಅನುಭವ ಅನ್ನೋ ಥರ ಮಾತಾಡಿ, ಪೇಯ್ಡ್ ಅಂತ ಮಾತ್ರ ಎಲ್ಲೂ ಹಾಕ್ಬೇಡಿ ಅಂದ್ರು. ದುಡ್ಡು ತಗೊಂಡು ಮಾಡಿದ ಪ್ರಚಾರಕ್ಕೆ ಜಾಹೀರಾತು ಅಂತ ಕಾಣೋ ಹಾಗೆ ಹಾಕ್ಬೇಕು ಅಂತ 2021ರಿಂದ್ಲೇ ಜಾಹೀರಾತುಗಳ ಮೇಲೆ ಕಣ್ಣಿಡೋ ಸಂಸ್ಥೆ ಎಎಸ್‌ಸಿಐ ಮಾರ್ಗಸೂಚಿ ಇದೆ, ಅದನ್ನ ಹೇಳಿದ್ರೆ "ಮೇಡಂ ಅದನ್ನೆಲ್ಲ ಯಾರು ನೋಡ್ತಾರೆ" ಅಂತ ನಕ್ರು.

ಸುಳ್ಳು ಹೇಳಲ್ಲ, ಆ ಹೊತ್ತಲ್ಲಿ ಇಪ್ಪತ್ತೈದು ಸಾವಿರ ಅಂದ್ರೆ ನಮಗೆ ಸಣ್ಣದಲ್ಲ, ನಿಮ್ಮ ಎರಡು ಸಾವಿರ ಅದಕ್ಕೆ ಸಮ ಆಗ್ಲಿಲ್ಲ, ಆಗೋದೂ ಇಲ್ಲ. ಆದ್ರೆ ಆವತ್ತು ರಾತ್ರಿ ವಾರ್ಡಲ್ಲಿ ಕೂತು ಮೆಂಬರ್ಸ್ ಹೆಸರು ನೋಡ್ತಾ ಹೋದೆ. ಕಳಸದೋರು ಒಬ್ರು, ಸಕಲೇಶಪುರ ಹಾನುಬಾಳು ಕಡೆಯೋರು, ಆಲ್ದೂರಿನ ಒಬ್ರು ಮೇಷ್ಟ್ರು, ಎಲ್ಲ ಎರಡು ಎಕರೆ ಮೂರು ಎಕರೆಯೋರೇ, ನಾನು ಆ ಟಾನಿಕ್ ಒಳ್ಳೇದು ಅಂದ್ರೆ ಮಾರನೇ ದಿನ ಹೋಗಿ ಡಬ್ಬ ತರೋರು ಇವ್ರೇ. ತಿಂಗಳಿಗೆ 59 ರೂಪಾಯಿ ಕೊಡೋರ ಹತ್ರ ಇನ್ನೊಬ್ರಿಗೋಸ್ಕರ ಸಾವಿರಾರು ಕೀಳ್ಸೋ ಕೆಲಸ ಅದು. ಬೆಳಿಗ್ಗೆ ಫೋನ್ ಮಾಡಿ ಆಗಲ್ಲ ಅಂದೆ. ಜಾಹೀರಾತೇ ಮಾಡಲ್ಲ ಅಂತ ಶಪಥ ಏನಿಲ್ಲ, ಒಳ್ಳೆ ಗರಗಸದೋರೋ ಏಣಿ ಮಾಡೋರೋ ಬಂದ್ರೆ ಮೇಲ್ಗಡೆ ದೊಡ್ಡದಾಗಿ ಜಾಹೀರಾತು ಅಂತ ಹಾಕಿಯೇ ಮಾಡ್ತೀನಿ.

ಯುಪಿಐನಲ್ಲಿ ಕಳಿಸಿದೋರಿಗೆ ಬೇರೇನೇ ಹೇಳ್ಬೇಕು. ಅದರಲ್ಲಿ ಯಾರ ಪಾಲೂ ಇಲ್ಲ, ಕೊಟ್ಟಿದ್ದು ಪೂರ್ತಿ ಬರತ್ತೆ, ಜೊತೆಗೆ ಒಂದು ಸಾಲು ಬರೆಯೋಕೆ ಜಾಗ ಇರತ್ತಲ್ಲ, ಅದೇ ನನಗೆ ದುಡ್ಡಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಐವತ್ತು ರೂಪಾಯಿ ಜೊತೆ "ಅಜ್ಜಿಗೆ ಎಳನೀರು" ಅಂತ ಒಬ್ರು, 101 ರೂಪಾಯಿ ಜೊತೆ "ಬೋರ್ಡೋ ಕತ್ತಿ ಟೆಸ್ಟ್ ಬಾಬ್ತು" ಅಂತ ಇನ್ನೊಬ್ರು, ಇದನ್ನ ಓದಿ ಅತ್ತೆ ಮಂಚದಲ್ಲೇ ನಕ್ಕಿದ್ದು ನೋಡ್ಬೇಕಿತ್ತು ನೀವು. ಗೊತ್ತಿಲ್ದೋರಿಗೆ, ಆ ಟೆಸ್ಟ್ ಅತ್ತೇದೇ: ಒಂದು ಕೆಜಿ ಮೈಲುತುತ್ತ ಐವತ್ತು ಲೀಟರ್ ನೀರಲ್ಲಿ, ಒಂದು ಕೆಜಿ ಸುಣ್ಣ ಇನ್ನೈವತ್ತು ಲೀಟರ್‌ನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಲ್ಲಿ ಕದಡಿ, ಸುಣ್ಣದ ನೀರಿಗೆ ತುತ್ತದ ನೀರು ಹುಯ್ತಾ ಕೋಲಲ್ಲಿ ತಿರುಗಿಸಿದ ಮೇಲೆ, ಉಜ್ಜಿ ಹೊಳೆಯೋ ಹಂಗೆ ಮಾಡಿದ ಕತ್ತಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೀಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ರೆ ಸುಣ್ಣ ಸಾಲ್ದು, ಇನ್ನೂ ಹಾಕ್ಬೇಕು, ಇಲ್ಲಾಂದ್ರೆ ಎಲೆ ಸುಡತ್ತೆ. ಆ ವಿಡಿಯೋದಲ್ಲಿ ಕತ್ತಿ ಹಿಡಿದಿರೋ ಕೈ ಅವ್ರದ್ದು.

ಹಾಂ, ಯುಪಿಐ ದುಡ್ಡೂ ಆದಾಯಾನೇ, ಕಾಫಿ ಮಾರಿದ ಲೆಕ್ಕ ಬೇರೆ ಇದು ಬೇರೆ ಅಂತ ಆಡಿಟರ್ ಹೇಳಿದಾರೆ, ಅದಕ್ಕೊಂದು ಪುಸ್ತಕ ಇಟ್ಟಿದೀನಿ. ನಮ್ಮಲ್ಲಿ ಮದುವೆಗೆ ಬಂದ ಮುಯ್ಯಿ ಬರೆದಿಡ್ತಾರಲ್ಲ ಹಂಗೇ ಹೆಸರು, ಮೊತ್ತ, ಬರೆದ ಸಾಲು ಎಲ್ಲ ಅದರಲ್ಲಿದೆ. ಮುಯ್ಯಿ ಆದ್ರೆ ಅವರ ಮನೆ ಮದುವೇಲಿ ತೀರಿಸಬಹುದು, ಇದನ್ನ ತೀರಿಸೋದು ಹೆಂಗೆ ಅಂತ ಮಾವ ಕೇಳಿದ್ರು, ನನ್ನ ಹತ್ರ ಉತ್ತರ ಇರ್ಲಿಲ್ಲ. ಬ್ಯಾಂಕು, ಆಸ್ಪತ್ರೆ, ಹಾಸನದ ಬಸ್ಸು ಅಂತ ಓಡಾಡೋವಾಗ ಫಿಸಿಯೋಥೆರಪಿ ಖರ್ಚಿನ ಮುಕ್ಕಾಲು ಭಾಗ ಆ ಪುಸ್ತಕದಿಂದ್ಲೇ ಹೋಗಿದೆ.

ದುಡ್ಡು ಕೊಡದೋರು ದಯವಿಟ್ಟು ಬೇಜಾರು ಮಾಡ್ಕೋಬೇಡಿ, ನಿಮ್ಮ ವಾಚ್ ಟೈಮ್ ಇಲ್ದೆ ಚಾನೆಲ್ ಇಲ್ಲಿ ತನಕ ಬರ್ತಾನೇ ಇರ್ಲಿಲ್ಲ. "ಮೆಂಬರ್ ಆದ್ರೆ ಎಂಥ ಸಿಗತ್ತೆ" ಅಂತ ಕೇಳ್ತೀರಿ, ಹೆಸರ ಪಕ್ಕ ಒಂದು ಕಾಫಿ ಹಣ್ಣಿನ ಬ್ಯಾಡ್ಜ್ ಸಿಗತ್ತೆ ಅಷ್ಟೇ. ರೋಗದ ವಿಡಿಯೋ ಮೆಂಬರ್ಸ್‌ಗೆ ಮಾತ್ರ ಅಂತ ಮಾಡಲ್ಲ, ಕೊಳೆರೋಗ ಯಾರು ಮೆಂಬರ್ ಅಂತ ನೋಡ್ಕೊಂಡು ಬರಲ್ಲ. ಎಲೆ ಫೋಟೋ ಕಳಿಸಿ ಏನು ಔಷಧ ಅಂತ ಕೇಳೋರಿಗೂ ಅದೇ ಮಾತು, ನಾನು ತೋಟ ಮಾಡೋಳು, ವಿಜ್ಞಾನಿ ಅಲ್ಲ, ಬಾಳೆಹೊನ್ನೂರಲ್ಲಿ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ, ಅಲ್ಲಿ ಕೇಳಿ.

ಮುಂದಿನ ವಿಡಿಯೋ ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಆದ ಮೇಲೆ, ಬೋರ್ಡೋದ್ದು ಈ ಸಲ ಹೊಸದಾಗಿ ಮಾಡ್ತೀವಿ, ಅತ್ತೆ ಕುರ್ಚಿ ಮೇಲೆ ಕೂತು ಹೇಳ್ತಾರಂತೆ, ತಿರುಗಿಸೋ ಕೆಲಸ ನಂದು. ಈ ವರ್ಷ ಯಾರಿಗಾದ್ರೂ ಫಸಲು ಕೈ ಕೊಟ್ಟಿದ್ರೆ ಮೊದ್ಲು ಮೆಂಬರ್‌ಶಿಪ್ ಕ್ಯಾನ್ಸಲ್ ಮಾಡಿ, ಹೇಳಿಯೇ ಮಾಡ್ಬೇಕು ಅಂತೇನಿಲ್ಲ.